ಹಡಗಿನಲ್ಲಿ ಇಲ್ಲದ ನಿಯಮ

ಬಿ.ಎಸ್ಸಿ. ಮುಗಿಸಿದ ಹುಡುಗಿಯನ್ನು ಗಂಡು ಸಿಗುವವರೆಗೆ ಮನೆಯಲ್ಲಿ ಕೂರಿಸಿದರೆ ಅವಳು ಹೊತ್ತು ಹೇಗೆ ಕಳೆಯುತ್ತಾಳೆ ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಕಸೂತಿ ಹಾಕುತ್ತಾಳೆ, ಟೈಲರಿಂಗ್ ಕಲಿಯುತ್ತಾಳೆ, ಅಮ್ಮನಿಗೆ ಸೊಪ್ಪು ಬಿಡಿಸಿ ಕೊಡುತ್ತಾಳೆ ಅಂದುಕೊಂಡಿರಬೇಕು. ನಾನು ಆಕಾಶದಲ್ಲಿ ಹೋಗುವ ಒಂದು ಹಡಗನ್ನು ಕಟ್ಟಿದೆ. ಸೊಪ್ಪನ್ನೂ ಬಿಡಿಸಿದೆ, ಅದು ಬೇರೆ ಮಾತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಚಾಮರಾಜಪೇಟೆಯಲ್ಲಿ ನಮ್ಮದು ಅಕ್ಕಪಕ್ಕದವರ ಗೋಡೆಗೆ ಗೋಡೆ ಅಂಟಿಕೊಂಡ ಉದ್ದನೆಯ ಮನೆ. ಮುಂಬಾಗಿಲಲ್ಲಿ ನಿಂತರೆ ಹಿತ್ತಿಲ ಬಾಗಿಲು ಕಾಣುತ್ತಿತ್ತು, ನಡುವೆ ಒಂದು ಕಿಟಕಿಯೂ ಇಲ್ಲ. ಹಗಲಲ್ಲೂ ಲೈಟು ಉರಿಯುತ್ತಿತ್ತು. ಅಪ್ಪನದು ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ. ಬೆಳಗಿನ ಜಾವ ಹೋದರೆ ಮಧ್ಯಾಹ್ನ ಬಂದು ಉಂಡು ಮಲಗುತ್ತಿದ್ದರು. ನನಗೂ ಅವರಿಗೂ ಜಗಳವೇನಿರಲಿಲ್ಲ, ಮಾತೂ ಇರಲಿಲ್ಲ. ಹೇಳಬೇಕಾದ್ದು ಏನಿದ್ದರೂ ಅಮ್ಮನ ಮೂಲಕ ಹೋಗಿ ಅಮ್ಮನ ಮೂಲಕವೇ ವಾಪಸು ಬರುತ್ತಿತ್ತು. ಎಂ.ಎಸ್ಸಿ. ಓದುತ್ತೇನೆಂದು ನಾನು ಹೇಳಿ ಕಳಿಸಿದ್ದು ಹಾಗೆಯೇ. "ಓದಿದ್ದು ಸಾಕಂತೆ ಕಣೇ" ಎಂದು ಉತ್ತರ ಬಂದದ್ದೂ ಹಾಗೆಯೇ.

ಆಟವನ್ನು ಮನೆಗೆ ತಂದವನು ನನ್ನ ತಮ್ಮ. ಅವನು ಎಂಜಿನಿಯರಿಂಗ್ ಓದುತ್ತಿದ್ದ. ಅವೆನ್ಯೂ ರಸ್ತೆಯ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಅವನಿಗೆ ಯಾವುದೋ ವಿದೇಶಿ ಆಟದ ನಿಯಮಗಳ ಝೆರಾಕ್ಸ್ ಪ್ರತಿ ಸಿಕ್ಕಿತ್ತು. ಮೊದಲ ಅರ್ಧ ಇರಲಿಲ್ಲ, ಉಳಿದರ್ಧದ ತುಂಬ ರಾಕ್ಷಸರು, ಮಂತ್ರವಾದಿಗಳು. ಆದರೂ ಆಡುವ ಬಗೆ ತಿಳಿಯಿತು. ಬೋರ್ಡಿಲ್ಲ, ಕಾಯಿಲ್ಲ. ಒಬ್ಬರು ಒಂದು ಲೋಕವನ್ನು ಕಟ್ಟಬೇಕು. ಉಳಿದವರು ಆ ಲೋಕದಲ್ಲಿ ಒಂದೊಂದು ಪಾತ್ರವಾಗಿ "ನಾನು ಹೀಗೆ ಮಾಡ್ತೀನಿ" ಎನ್ನಬೇಕು. ಆಗ ಏನಾಗುತ್ತದೆಂದು ಲೋಕ ಕಟ್ಟಿದವರು ಹೇಳಬೇಕು. ಗೆಲುವೋ ಸೋಲೋ ಗೊತ್ತಾಗದ ಕಡೆ ದಾಳ ಹಾಕಬೇಕು.

ಆ ಪುಸ್ತಕ ಕೇಳುತ್ತಿದ್ದ ಇಪ್ಪತ್ತು ಮುಖದ ದಾಳ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಅಜ್ಜಿ ಬಿಟ್ಟುಹೋದ ಚೌಕಾಬಾರದ ಕವಡೆಗಳಿದ್ದವು, ಅವನ್ನೇ ತೆಗೆದುಕೊಂಡೆ. ನಾಲ್ಕೂ ಬೋರಲು ಬಿದ್ದರೆ ಎಂಟು, ಅದು ಅಪರೂಪ, ಅಂದುಕೊಂಡದ್ದು ಕೈಗೂಡುತ್ತದೆ. ಒಂದೇ ಬಿದ್ದರೆ ಕೆಲಸ ಕೆಟ್ಟಿತು. ತಮ್ಮನ ಜೊತೆ ಆಡಲು ಬರುತ್ತಿದ್ದವನು ಒಬ್ಬನೇ, ಅವನ ಕ್ಲಾಸ್‌ಮೇಟು. ನಮ್ಮ ಸಾಲಿನಲ್ಲೇ ಮೂರು ಮನೆ ಆಚೆ ಇದ್ದ, ತಾರಸಿಯಿಂದ ತಾರಸಿಗೆ ದಾಟಿ ಬರುತ್ತಿದ್ದ.

"ಅಕ್ಕ, ಈ ರಾಕ್ಷಸರೆಲ್ಲ ಬೇಡ. ಸೈನ್ಸ್ ಓದಿದೀರ, ಸ್ಪೇಸಲ್ಲಿ ಏನಾದ್ರೂ ಮಾಡಿ" ಎಂದವನು ಅವನೇ.

ನನಗೆ ಅಷ್ಟು ಸಾಕಾಗಿತ್ತು. ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆಯಲು ಕೂತೆ. ಹಡಗು ಉದ್ದನೆಯ ಪೀಪಾಯಿಯಂತಿತ್ತು, ತನ್ನ ಸುತ್ತ ತಾನೇ ತಿರುಗುತ್ತಿತ್ತು. ಹಾಗೆ ತಿರುಗಿದರೆ ಒಳಗೋಡೆಯ ಮೇಲೆ ನಿಂತವರಿಗೆ ಭೂಮಿಯ ಮೇಲಿದ್ದಂತೆ ಭಾರ ಸಿಗುತ್ತದೆ. ಎಷ್ಟು ವೇಗವಾಗಿ ತಿರುಗಬೇಕೆಂದು ಲೆಕ್ಕ ಮಾಡಿದೆ. ಮೂರು ವರ್ಷ ಓದಿದ ಫಿಸಿಕ್ಸು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಕಿಟಕಿ ಇಡಲಿಲ್ಲ. ನೀರು ದಿನ ಬಿಟ್ಟು ದಿನ, ಮೇಲಿನ ಅಂತಸ್ತಿಗೆ ಒಂದು ದಿನ, ಕೆಳಗಿನದಕ್ಕೆ ಒಂದು ದಿನ. ಮಧ್ಯದ ಅಂತಸ್ತಿನಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆಯುತ್ತಿದ್ದರು. ಕಲ್ಪನಾಶಕ್ತಿ ಎಂದು ಹುಡುಗರು ಹೊಗಳುತ್ತಿದ್ದರು. ಕಲ್ಪನೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ, ನಮ್ಮ ಮನೆಯನ್ನೇ ಎತ್ತಿ ಆಕಾಶದಲ್ಲಿ ಇಟ್ಟಿದ್ದೆ.

ಹಡಗು ಹೊರಟು ತಲೆಮಾರುಗಳಾಗಿದ್ದವು, ತಲುಪಲು ಇನ್ನೂ ತಲೆಮಾರುಗಳು ಬೇಕಿತ್ತು. ಈಗ ಒಳಗಿರುವವರು ಹತ್ತಿದವರೂ ಅಲ್ಲ, ಇಳಿಯುವವರೂ ಅಲ್ಲ. ಅದಕ್ಕೇ ಅವರಿಗೊಂದು ಶಾಸ್ತ್ರ ಮಾಡಿಟ್ಟೆ. ಹದಿನೆಂಟು ತುಂಬಿದವರನ್ನು ಹಡಗಿನ ಹಿರಿಯ ಎಲ್ಲರ ಎದುರು ನಿಲ್ಲಿಸಿ, "ಈ ಪ್ರಯಾಣ ನಿನಗೆ ಒಪ್ಪಿಗೆಯೇ?" ಎಂದು ಕೇಳಬೇಕು. ಅವರು "ಒಪ್ಪಿಗೆ" ಎನ್ನಬೇಕು. ಆಮೇಲೆ ಬಾಯಿಗೆ ಬೆಲ್ಲ. ಇದನ್ನು ಬರೆದಾಗ ನನಗೆ ಬಹಳ ಹೆಮ್ಮೆಯಾಗಿತ್ತು. ಪಾಪ, ಅಷ್ಟಾದರೂ ಕೇಳುತ್ತಾರಲ್ಲ ಎಂದು.

ಹುಡುಗರಿಗೆ ಮಾತ್ರ ಬೇಗ ಬೇಜಾರು ಬಂತು. "ಎಲ್ಲಾದ್ರೂ ಒಂದು ಗ್ರಹದಲ್ಲಿ ಇಳಿಸೇ ಅಕ್ಕ, ಕಾಲು ಆಡಿಸ್ಬೇಕು" ಎಂದು ತಮ್ಮ ಗೋಗರೆಯುತ್ತಿದ್ದ. ನಾನೂ ಬರೆಯಲು ನೋಡಿದೆ. ಗ್ರಹವೆಂದು ಒಂದು ವೃತ್ತ ಹಾಕಿ ಪೆನ್ಸಿಲು ಹಿಡಿದು ಕೂತರೆ ಮುಂದಕ್ಕೆ ಏನೂ ಹೊಳೆಯದು. ಹೊರಗೆ ಏನಿರುತ್ತದೆ ಎಂಬುದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಮನೆ, ಕಾಲೇಜು, ಹಬ್ಬಕ್ಕೆ ಬಸವನಗುಡಿಯ ಅತ್ತೆ ಮನೆ, ಇಷ್ಟು ಬಿಟ್ಟು ನಾನು ಎಲ್ಲಿ ಇಳಿದಿದ್ದೆ?

ಅಷ್ಟರಲ್ಲಿ ಗಂಡಿನವರು ಬಂದು ನೋಡಿಕೊಂಡು ಹೋದರು. ಬಿನ್ನಿಪೇಟೆ ಕಡೆಯವರು, ಹಾರ್ಡ್‌ವೇರ್ ಅಂಗಡಿ, ಸ್ವಂತ ಕಟ್ಟಡ. ಹುಡುಗ ತಲೆ ತಗ್ಗಿಸಿ ಕೂತಿದ್ದ, ಉಪ್ಪಿಟ್ಟು ಪೂರ್ತಿ ತಿಂದ. ಕೆಟ್ಟವನೆಂದು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅದೇ ನನ್ನ ಕಷ್ಟವಾಗಿತ್ತು. ಕುಡುಕನೋ ಜೂಜುಕೋರನೋ ಆಗಿದ್ದರೆ ಒಂದು ಮಾತು ಆಡಬಹುದಿತ್ತು. ಮುಂದಿನ ಭಾನುವಾರ ಬರುತ್ತೇವೆ, ಎಲೆ ಅಡಿಕೆ ಬದಲಾಯಿಸಿಕೊಂಡುಬಿಡೋಣ ಎಂದು ಹೇಳಿ ಹೋದರು. ನನಗೆ ಮದುವೆ ಬೇಡವಾಗಿತ್ತು. ಓದಬೇಕಾಗಿತ್ತು. ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಅಪ್ಪನಿಗೆ ದಾಟಿಸಲೇ ಇಲ್ಲ. "ಹೆಣ್ಣುಮಕ್ಕಳನ್ನ ಇಟ್ಕೊಂಡಿರೋದು ಸೆರಗಲ್ಲಿ ಕೆಂಡ ಕಟ್ಕೊಂಡಂಗೆ, ಸುಮ್ನಿರು" ಎಂದಳು.

ಅದೇ ವಾರ ಯಾವುದೋ ಗಲಾಟೆಗೆ ಊರೆಲ್ಲ ಬಂದ್ ಆಯಿತು. ಬಸ್ಸಿಗೆ ಕಲ್ಲು ಬಿದ್ದವು, ಮಾರ್ಕೆಟ್ಟು ಮುಚ್ಚಿತು, ಕೇಬಲ್ಲೂ ಹೋಯಿತು. ನನಗೆ ನಿತ್ಯವೂ ಬಂದ್, ಅಪ್ಪನಿಗೆ ಅದು ಹೊಸದು. ಮುಂಬಾಗಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಮುಂಬಾಗಿಲಿಗೆ ಓಡಾಡಿದರು. ಗಡಿಯಾರದ ಧೂಳು ಒರೆಸಿದರು. ಅಮ್ಮನ ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಿ ಬೈಸಿಕೊಂಡರು. ಕೊನೆಗೆ ನಾವು ಮೂವರೂ ಚಾಪೆ ಹಾಸಿ ಕೂತಿದ್ದಲ್ಲಿಗೆ ಬಂದು ನಿಂತರು.

"ಏನ್ರೋ ಅದು?"

ತಮ್ಮ ಹಾಳೆಗಳನ್ನು ಬಾಚಿಕೊಳ್ಳತೊಡಗಿದ. ಆದರೆ ಅವನ ಸ್ನೇಹಿತ ಜಾಗ ಬಿಟ್ಟು, "ಬನ್ನಿ ಅಂಕಲ್, ನೀವೂ ಸೇರ್ಕೊಳ್ಳಿ" ಎಂದುಬಿಟ್ಟ. ಅಪ್ಪ ಕೂತರು.

ಹಡಗಿನ ಕಥೆ ಹೇಳಿದೆವು. ಅವರು ಮೊದಲು ಕೇಳಿದ್ದು, ಇಲ್ಲಿ ಕೊತ್ತಂಬರಿ ಯಾರ ಕೈಯಲ್ಲಿದೆ ಎಂದು. ಊಟದ ಹೊತ್ತಿಗೆ ಹಡಗಿನ ಅಷ್ಟೂ ಕೊತ್ತಂಬರಿ ಅವರದಾಗಿತ್ತು, ನೀರಿನ ಉಸ್ತುವಾರಿಯವನಾಗಿದ್ದ ತಮ್ಮನ ಸ್ನೇಹಿತ ಅವರ ಮಾತಿಗೆ ಕುಣಿಯುತ್ತಿದ್ದ. ಅಪ್ಪ ನಗುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನನ್ನನ್ನೇ ನೋಡಿ, ನೇರವಾಗಿ ನನ್ನನ್ನೇ ಏನೇನೋ ಕೇಳುತ್ತಿದ್ದರು. ಗಾಳಿ ಎಲ್ಲಿಂದ ಬರುತ್ತದೆ, ಸತ್ತವರನ್ನು ಏನು ಮಾಡುತ್ತಾರೆ, ಹಬ್ಬ ಉಂಟೋ ಇಲ್ಲವೋ. ನಾನು ಹೇಳುತ್ತ ಹೋದೆ. ಇಪ್ಪತ್ತೊಂದು ವರ್ಷದ ಮಾತು ಆ ಒಂದು ದಿನಕ್ಕೆ ಕೂಡಿಟ್ಟಿದ್ದಂತೆ ಆಡಿದೆ. ಮರುದಿನವೂ ಬಂದ್ ಎಂದು ಗೊತ್ತಾದಾಗ ನನಗೆ ಖುಷಿಯಾಯಿತು.

ಎರಡನೇ ದಿನ ತಮ್ಮ ಅವರನ್ನು ಹಡಗಿನ ಹಿರಿಯನ ಪಟ್ಟಕ್ಕೆ ಏರಿಸಿದ. ಏರಿದ ಮೇಲೆ ಹಿರಿಯನ ಕೆಲಸ ಮಾಡಬೇಕಲ್ಲ. ಆಟದಲ್ಲಿ ನೀರಿನವನಿಗೆ ಒಬ್ಬಳು ತಂಗಿ ಇದ್ದಳು, ಅವಳಿಗೆ ಹದಿನೆಂಟು ತುಂಬಿತ್ತು. ಆಟಗಾರರಲ್ಲದವರ ಮಾತನ್ನೆಲ್ಲ ಲೋಕ ಕಟ್ಟಿದವರೇ ಆಡಬೇಕು, ಹಾಗಾಗಿ ಅವಳ ಬಾಯಿ ನಾನೇ. ಅಪ್ಪ ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂತರು. ಮಂಡಿಯಲ್ಲಿ ವ್ಯಾಪಾರ ಕುದುರಿಸುವಾಗ ಇರುತ್ತಿತ್ತಂತಲ್ಲ, ಅಂಥ ಗತ್ತು.

"ಏನಮ್ಮ, ಈ ಪ್ರಯಾಣ ನಿನಗೆ ಒಪ್ಪಿಗೆನಾ?"

"ಇಲ್ಲ" ಎಂದೆ.

ನಾನು ಯೋಚಿಸಿ ಆಡಿದ ಮಾತಲ್ಲ ಅದು. ಆ ಮನೆಯಲ್ಲಿ ನಾನು ಯಾರಿಗೂ ಆ ಪದ ಅಂದವಳಲ್ಲ. ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಹಂಗೆ ಯಾರೂ ಅನ್ನಲ್ಲ ಕಣೇ" ಎಂದ ತಮ್ಮ. "ರೂಲ್ಸಲ್ಲೇ ಇಲ್ಲ."

ಅಪ್ಪ ಅವನ ಕಡೆ ತಿರುಗಲಿಲ್ಲ. "ಇದನ್ನೆಲ್ಲ ನೀನೇ ಅಲ್ವಾ ಮಾಡಿರೋದು? ಇಲ್ಲ ಅಂದ್ರೆ ಆ ಹುಡುಗೀನ ಏನ್ ಮಾಡ್ತಾರೆ?"

"ಗೊತ್ತಿಲ್ಲಪ್ಪ. ಅದನ್ನ ಬರೆದಿಲ್ಲ."

"ಬರಿ ಹಂಗಾದ್ರೆ" ಎಂದರು. "ಕೇಳೋದು ಅಂತ ಒಂದು ಇಟ್ಟ ಮೇಲೆ ಎರಡು ಉತ್ತರಕ್ಕೂ ಜಾಗ ಇರ್ಬೇಕು. ಇಲ್ದಿದ್ರೆ ಯಾಕೆ ಕೇಳ್ಬೇಕು?"

ಅಲ್ಲಿಗೆ ಆಟ ನಿಂತಿತು. ಮರುದಿನ ಮಾರ್ಕೆಟ್ಟು ತೆರೆಯಿತು, ಅಪ್ಪ ಹೊರಟುಹೋದರು. ನಾನು ಬರೆಯಲು ಕೂತೆ.

ಒಪ್ಪದವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ ಎಂದು ಬರೆದು ಹೊಡೆದು ಹಾಕಿದೆ. ಈಗಲೇ ಕೂಡಿಹಾಕಿದ್ದಾರಲ್ಲ, ಹೊಸದೇನು? ಒಂದು ಸಣ್ಣ ದೋಣಿ ಕೊಟ್ಟು ಕಳಿಸುತ್ತಾರೆ ಎಂದು ಬರೆದೆ. ಎಲ್ಲಿಗೆ ಹೋಗುತ್ತಾಳೆ? ಸುತ್ತ ನಾನು ಏನೂ ಇಟ್ಟಿರಲಿಲ್ಲ. ಅವಳ ಜೊತೆ ಯಾರೂ ಮಾತಾಡುವುದಿಲ್ಲ ಎಂದು ಬರೆದೆ, ಅದನ್ನು ಬರೆದ ಕೈಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಹಾಳೆಗಳು ಮುಗಿದವು, ಹೊಸ ವರ್ಷದ ಕ್ಯಾಲೆಂಡರಿನಿಂದಲೇ ಒಂದು ಕಿತ್ತು ಅಮ್ಮನ ಕೈಲಿ ಬೈಸಿಕೊಂಡೆ. ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ, ಅಮ್ಮನ ಮೇಲೂ ಅಲ್ಲ. ಇಷ್ಟು ದೊಡ್ಡ ಹಡಗು ಕಟ್ಟಿದವಳಿಗೆ ಒಬ್ಬ ಹುಡುಗಿ ಬೇಡ ಎಂದ ಮರುಗಳಿಗೆ ಏನಾಗುತ್ತದೆಂದು ಹೊಳೆಯಲಿಲ್ಲವಲ್ಲ, ಅದಕ್ಕೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನುಂಗಲಾರದೆ ಉಗುಳಲಾರದೆ ಆ ವಾರ ಓಡಾಡಿದೆ.

ಭಾನುವಾರ ಗಂಡಿನವರು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಅಮ್ಮ ನನಗೆ ಹಸಿರು ರೇಷ್ಮೆ ಸೀರೆ ಉಡಿಸಿ ಜಮಖಾನದ ಅಂಚಿಗೆ ಕೂರಿಸಿದಳು. ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬಿ ಆಗಿತ್ತು. ಎಲೆ ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ಅಪ್ಪನ ಮುಂದಿತ್ತು. ಅದನ್ನು ಎತ್ತಿ ಆ ಕಡೆಗೆ ಕೊಟ್ಟರೆ ಮಾತು ಕೊಟ್ಟಂತೆ. ಮಂಡಿಯವರಿಗೆ ಬಾಯಿಮಾತೇ ಎಲ್ಲ, ಕೊಟ್ಟದ್ದನ್ನು ಅಪ್ಪ ಯಾವತ್ತೂ ವಾಪಸು ತೆಗೆದುಕೊಂಡವರಲ್ಲ.

ಅಪ್ಪ ತಟ್ಟೆ ಎತ್ತಿಕೊಂಡರು. ಆ ಕಡೆ ಚಾಚಲಿಲ್ಲ. ನನ್ನ ಕಡೆ ತಿರುಗಿದರು.

"ಏನಮ್ಮ, ನಿನಗೆ ಒಪ್ಪಿಗೆನಾ?"

ನಮ್ಮವರಲ್ಲಿ ಆ ಹೊತ್ತಿನಲ್ಲಿ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹುಡುಗನ ತಾಯಿ, ಇದೇನೋ ಹೊಸ ಕಾಲದ ರೀತಿ ಇರಬೇಕೆಂದು ನಕ್ಕರು. ಹುಡುಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು, ನಾನು ಆ ಪದವನ್ನು ನಾಲಿಗೆಯ ತುದಿಯವರೆಗೂ ತಂದೆ. ಅದನ್ನು ಆಡಿದ ಮೇಲೆ ಈ ಕೋಣೆಯಲ್ಲಿ ಏನಾಗುತ್ತದೆ? ಇವರು ಎದ್ದು ಹೋಗುವುದು ಹೇಗೆ, ಹೋಳಿಗೆ ಏನು ಮಾಡುವುದು, ಅಪ್ಪ ಆ ತಟ್ಟೆಯನ್ನು ಎಲ್ಲಿ ಇಡುತ್ತಾರೆ? ಏನೂ ಕಾಣಲಿಲ್ಲ.

"ಹೂಂ" ಎಂದೆ.

"ಸರಿಯಾಗಿ ಯೋಚ್ನೆ ಮಾಡಿ ಹೇಳು. ಅವಸರ ಇಲ್ಲ."

"ಹೂಂ ಅಪ್ಪ."

ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ತಟ್ಟೆ ಕೊಟ್ಟರು. ಸೋದರಮಾವ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಊಟವಾಗಿ ಅವರೆಲ್ಲ ಹೋದ ಮೇಲೆ ಅಪ್ಪ ಮುಂಬಾಗಿಲ ಜಗಲಿಯಲ್ಲಿ ಕೂತಿದ್ದರು. ನಾನು ನೀರು ಕೊಡಲು ಹೋದೆ. ಲೋಟ ತೆಗೆದುಕೊಂಡು ಕುಡಿಯದೆ ಹಾಗೇ ಹಿಡಿದುಕೊಂಡರು.

"ನೀನು ಇಲ್ಲ ಅಂತೀಯ ಅಂತ್ಲೇ ಅನ್ಕೊಂಡಿದ್ದೆ" ಎಂದರು. "ಅವ್ರಿಗೆ ಏನ್ ಹೇಳ್ಬೇಕು ಅಂತ ಎಲ್ಲ ಯೋಚ್ನೆ ಮಾಡಿ ಇಟ್ಕೊಂಡಿದ್ದೆ."

"ಏನ್ ಹೇಳ್ಬೇಕು ಅಂತಿದ್ರಿ ಅಪ್ಪ?"

"ಏನಿದೆ ಹೇಳೋಕೆ. ಹುಡುಗಿ ಇನ್ನೂ ಓದ್ತೀನಿ ಅಂತಾಳೆ, ಮನಸ್ಸಿಗೆ ಹಚ್ಕೋಬೇಡಿ, ಊಟ ಮಾಡ್ಕೊಂಡೇ ಹೋಗಿ, ಅಂತ."