ಡನ್‌ಕಾರಿಯ ಮಿಡ್‌ಫೀಲ್ಡರ್

ಮಲೇಷ್ಯಾದ ಪುಚೊಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ಚಂದ್ರಮ್ಮನವರು ಬೆಳಿಗ್ಗೆ ಹೊಸಿಲ ಮುಂದೆ ರಂಗೋಲಿ ಇಡುವ ಹೊತ್ತಿಗೆ, ಅವರ ಅಳಿಯ ಯೂಅನ್ ಮೆಟ್ಟಿಲ ಮೇಲೆ ಕೂತು ತಮ್ಮ ಫುಟ್‌ಬಾಲ್ ಬೂಟುಗಳನ್ನು ಒರೆಸುತ್ತಿರುತ್ತಾರೆ. ಒಳಗೆ ತುರುಕಿದ್ದ ತಮಿಳು ಪೇಪರ್ ತೆಗೆದು ಹೊಸದನ್ನು ತುಂಬುತ್ತಾರೆ. ಇಲ್ಲಿಯ ತೇವಕ್ಕೆ ಸ್ವಲ್ಪ ಅಸಡ್ಡೆ ಮಾಡಿದರೂ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಜ್ವರ ಬಂದಾಗಲೂ ಅವರು ಇದನ್ನು ತಪ್ಪಿಸಿದ್ದನ್ನು ಕಾಣೆ. ದೇವರ ದೀಪಕ್ಕೆ ಎಣ್ಣೆ ಹಾಕುವವರ ಕೈಯಲ್ಲಿರುವ ನಿಧಾನ ಆ ಕೈಯಲ್ಲೂ ಇದೆ.

ಯೂಅನ್ ಸ್ಕಾಟ್ಲೆಂಡಿನವರು. ಡನ್‌ಕಾರಿ ಎಂಬ ಸಣ್ಣ ಊರಿನ ಕ್ಲಬ್ಬಿಗೆ ಹನ್ನೊಂದು ವರ್ಷ ಆಡಿದರು. ಆ ದೇಶದ ಫುಟ್‌ಬಾಲಿನಲ್ಲಿ ಮೇಲಿಂದ ಕೆಳಕ್ಕೆ ನಾಲ್ಕು ಡಿವಿಷನ್, ಇವರದು ಕೊನೆಯದು. ಕ್ಲಬ್ಬಿನ ಸಂಬಳ ಸಾಲದೆ ಹಗಲು ಮನೆಗಳ ಸೂರು ರಿಪೇರಿ ಮಾಡುತ್ತಿದ್ದರು. ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಓದಲು ಅಲ್ಲಿಗೆ ಹೋಗಿದ್ದ ಮೈಸೂರಿನ ವಾರಿಜಾಕ್ಷಿ ಯೂಅನ್ ಅವರನ್ನು ಮದುವೆಯಾದಳು.

ಹೊಸತರಲ್ಲಿ ಅವಳ ತಾಯಿ ಚಂದ್ರಮ್ಮ ಕೇಳಿದರಂತೆ, "ಅಳಿಯಂದ್ರೆ, ಎಷ್ಟು ಗೋಲ್ ಹೊಡ್ದಿದೀರಿ?"

"ಆರು."

"ಒಂದೇ ಮ್ಯಾಚ್‌ನಲ್ಲಾ?"

"ಅಮ್ಮಾ, ಹನ್ನೊಂದು ವರ್ಷದಲ್ಲಿ!" ವಾರಿಜಾಕ್ಷಿಗೆ ನಗು ತಡೆಯಲಾಗಲಿಲ್ಲ.

ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಮುಟ್ಟಿಸುವುದು ಮಿಡ್‌ಫೀಲ್ಡರ್ ಆದ ತಮ್ಮ ಕೆಲಸ ಎಂದು ಯೂಅನ್ ಬಿಡಿಸಿ ಹೇಳಿದರು.

"ಹಾಗನ್ನಿ, ಪಂಕ್ತೀಲಿ ಬಡಿಸೋರು ನೀವು," ಅಂದರು ಚಂದ್ರಮ್ಮ. "ಬಡಿಸೋರು ಕೂತ್ಬಿಟ್ರೆ ಯಾರ ಊಟ ನಡಿಯತ್ತೆ?"

ಅಂದಿನಿಂದ ಬಂದ ನೆಂಟರಿಗೆಲ್ಲ ಆ ಆರು ಗೋಲಿನ ಸುದ್ದಿಯನ್ನು ಅವರೇ ಹೆಮ್ಮೆಯಿಂದ ಹೇಳುತ್ತಾರೆ.

ಒಂದು ವರ್ಷ ಡನ್‌ಕಾರಿ ಮೂರನೇ ಡಿವಿಷನ್ನಿಗೆ ಏರಿತು. ಕೊನೆಯ ಪಂದ್ಯದ ದಿನ ಕೊರೆಯುವ ಮಳೆ. ಗೆಲುವಿನ ಗೋಲಿಗೆ ಚೆಂಡು ಕೊಟ್ಟವರು ಯೂಅನ್. ನೋಡಲು ಬಂದಿದ್ದ ನಾನೂರು ಜನ ಮನೆಗೆ ಹೋಗದೆ ತೊಯ್ದುಕೊಂಡೇ ನಿಂತು ಅವರ ಹೆಸರು ಕೂಗಿದರಂತೆ. ಅಂದು ತೊಟ್ಟಿದ್ದ ಬೂಟುಗಳೇ ಇವು.

ಆಮೇಲೆ ಮಂಡಿ ಕೈಕೊಟ್ಟಿತು. ವಾರಿಜಾಕ್ಷಿಯ ಕಂಪನಿ ಅವಳನ್ನು ಮಲೇಷ್ಯಾಕ್ಕೆ ಕಳಿಸಿದಾಗ ಜೊತೆಗೆ ಬಂದು, ಪುಚೊಂಗ್‌ನಲ್ಲಿ ಐದೈದು ಜನ ಫುಟ್‌ಬಾಲ್ ಆಡುವ ಒಂದು ಫುಟ್ಸಾಲ್ ಅಂಗಳದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಕಳೆದ ತಿಂಗಳು ಅಂಗಳವನ್ನು ಮುಚ್ಚಿದರು. ಸೂರು ಹತ್ತುವ ಮಂಡಿಯಲ್ಲ; ಕಲಿಸುವ ಕೆಲಸ ಬೇಗ ಸಿಗಲೇಬೇಕಿತ್ತು.

ಮೊನ್ನೆ ಭಾನುವಾರ ಬೆಳಿಗ್ಗೆ, ಶ್ರೀಮಂತರ ಬಡಾವಣೆ ಮಾಂಟ್ ಕಿಯಾರಾದ ಒಂದು ಇಂಟರ್‌ನ್ಯಾಷನಲ್ ಶಾಲೆಯ ಆಫೀಸಿನಲ್ಲಿರುವ ಮಂಗಳೂರಿನ ರಮಾನಂದ, ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಎಲ್ಲರಿಗೂ ತಿಂಡಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದರು. ಶಾಲೆಗೆ ಕೋಚ್ ಬೇಕಾಗಿತ್ತು.

"ನೀವು ಟಾಪ್ ಡಿವಿಷನ್‌ನಲ್ಲಿ ಆಡಿದವರು ಅಂತ ನಾನು ಪ್ರಿನ್ಸಿಪಾಲರಿಗೆ ಹೇಳ್ತೇನೆ. ಕೆಲಸ ಆಯ್ತು ಅಂತ ತಿಳ್ಕೊಳ್ಳಿ ಮಾರಾಯ್ರೆ."

"ಮೂರನೇದು," ಅಂದರು ಯೂಅನ್, ಬೂಟಿನಿಂದ ತಲೆಯೆತ್ತದೆ.

"ಯಾರು ನೋಡ್ಲಿಕ್ಕೆ ಹೋಗ್ತಾರೆ ಲಾ!" ಅಂದರು ರಮಾನಂದ, ಮಲೇಷ್ಯಾದವರ ಧಾಟಿಯಲ್ಲಿ. "ಡನ್‌ಕಾರಿ ಅಂದ್ರೆ ಇಲ್ಲಿ ಯಾರಿಗೆ ಗೊತ್ತುಂಟು?"

ವಾರಿಜಾಕ್ಷಿ ತಟ್ಟೆ ಹಿಡಿದು ಗಂಡನ ಮುಖವನ್ನೇ ನೋಡುತ್ತಿದ್ದಳು. ಚಂದ್ರಮ್ಮನ ರಂಗೋಲಿಯ ಕೈ ನಿಂತಿತ್ತು.

"ಮಳೇಲಿ ನಿಂತಿದ್ರಲ್ಲ, ಅವರಿಗೆ ಗೊತ್ತು," ಅಂದರು ಯೂಅನ್.

"ಅವ್ರು ಇಲ್ಲಿ ಬಂದು ಕೆಲಸ ಕೊಡ್ತಾರಾ?" ಅಂದರು ರಮಾನಂದ.

ಯೂಅನ್ ನಕ್ಕರು. ಪೇಪರ್ ತುಂಬಿದ ಬೂಟುಗಳನ್ನು ಜೋಡಿಸಿಟ್ಟು, ಅತ್ತೆಯಿಂದ ಕಲಿತ ಅದೇ ಕನ್ನಡದಲ್ಲಿ ಹೇಳಿದರು: "ಬೇಡಣ್ಣ, ನೀವು ಏನೂ ಹೇಳ್ಬೇಡಿ. ನಾನೇ ಹೋಗಿ ಕೇಳ್ತೀನಿ. ಡನ್‌ಕಾರಿ, ಮೂರನೇ ಡಿವಿಷನ್ ಅಂತ."