ಅವ್ವನ ಕೈಗುಣ

ಮೊದಲು ಇಟ್ಟಿಗೆಗಳ ವಿಷಯ ಹೇಳಿಬಿಡುತ್ತೇನೆ. ಎಂಬತ್ತರ ದಶಕದಲ್ಲಿ, ಉಗಾರ ಬುದ್ರುಕದ ನಮ್ಮ ಮನೆಯಲ್ಲಿ ನಾನು ದೊಡ್ಡವಳಾದ ಮೇಲೆ, ತಿಂಗಳಿಗೊಮ್ಮೆ ನನ್ನ ಜೊತೆಗಿರುತ್ತಿದ್ದದ್ದು ಅವು ಮಾತ್ರ. ನಮ್ಮದು ಕಬ್ಬು ಬೆಳೆಯುವ ಜೈನರ ಮನೆ. ಹೊರಗಾದ ಹೆಣ್ಣುಮಕ್ಕಳು ಮೂರು ದಿನ ಹಿತ್ತಲ ಕೋಣೆಯಲ್ಲಿರಬೇಕು. ಅಲ್ಲಿ ಹಿಂಡಿಯ ಚೀಲಗಳು, ಮುರಿದ ಕೂರಿಗೆ, ಒಂದು ಚಾಪೆ, ಒಂದು ಕಂಬಳಿ. ಪಕ್ಕದ ಕೊಟ್ಟಿಗೆಯಲ್ಲಿ ಎಮ್ಮೆಗಳು. ಎಮ್ಮೆಗಳನ್ನಾದರೂ ಯಾರಾದರೊಬ್ಬರು ಬಂದು ಮೈ ತಟ್ಟಿ ಮಾತಾಡಿಸಿ ಹೋಗುತ್ತಿದ್ದರು. ನನ್ನನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಎಮ್ಮೆಯಾಗಿ ಹುಟ್ಟಿದ್ದರೇ ವಾಸಿಯಿತ್ತು ಅಂತ ಎಷ್ಟೋ ಸಲ ಅನಿಸಿದ್ದುಂಟು.

ನೋವೋ, ಅಬ್ಬಬ್ಬಾ, ಒದ್ದೆ ಬಟ್ಟೆ ಹಿಂಡಿದ ಹಾಗೆ ಹೊಟ್ಟೆ ಹಿಂಡಿ ಸೊಂಟಕ್ಕೆ ಇಳಿಯುತ್ತಿತ್ತು. ಅವ್ವ ಅಜವಾನ, ಬೆಲ್ಲ ಹಾಕಿ ಕುದಿಸಿದ ನೀರನ್ನು ನನ್ನ ಲೋಟಕ್ಕೆ ಮೇಲಿನಿಂದ ಹೊಯ್ಯುತ್ತಿದ್ದಳು. ಔಡಲ ಎಲೆಗೆ ಎಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ, ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಇವುಗಳಿಂದ ಆಗುತ್ತಿದ್ದ ಉಪಕಾರ ಅಷ್ಟಕ್ಕಷ್ಟೆ. ನಿಜವಾಗಿ ಕೆಲಸಕ್ಕೆ ಬರುತ್ತಿದ್ದದ್ದು ಇಟ್ಟಿಗೆ. ಒಲೆಯಲ್ಲಿ ಕಾಯಿಸಿ ಅಪ್ಪನ ಹಳೆಯ ಧೋತರದ ಚೂರಿನಲ್ಲಿ ಸುತ್ತಿ ಕೊಟ್ಟರೆ, ಸೊಂಟಕ್ಕೆ ಒತ್ತಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಬಹುದಿತ್ತು.

ಆದರೆ ನಾನು ಮುಟ್ಟಿದ ಇಟ್ಟಿಗೆ ಮತ್ತೆ ಒಲೆಗೆ ಹೋಗುವಂತಿಲ್ಲ. ನನಗೆ ನೀರು ಹಾಕುವ ದಿನ ಅದಕ್ಕೂ ನೀರು ಹಾಕಿದ ಮೇಲೆಯೇ ಅದು ಮಡಿಗೆ ಬರಬೇಕು. ಹೀಗಾಗಿ ಒಂದು ಆರಿದರೆ ಇನ್ನೊಂದು ಹೊಸದು. ಬಚ್ಚಲು ಕಟ್ಟಿಸಲೆಂದು ಅಪ್ಪ ಹಿತ್ತಲಲ್ಲಿ ಒಟ್ಟಿದ್ದ ರಾಶಿಯಿಂದ ಅವ್ವ ಎತ್ತಿ ತರುತ್ತಿದ್ದಳು. ಸಂಜೆಯ ಹೊತ್ತಿಗೆ ನನ್ನ ಕೋಣೆಯ ಮೂಲೆಯಲ್ಲಿ ಸಣ್ಣದೊಂದು ಗೋಡೆಯೇ ಎದ್ದಿರುತ್ತಿತ್ತು.

ಅಜ್ಜಿ, ಅಂದರೆ ಅಪ್ಪನ ತಾಯಿ, ಅದನ್ನು ನೋಡಿ ಹಣೆ ಬಡಿದುಕೊಳ್ಳುತ್ತಿದ್ದಳು. “ಇಟ್ಟಂಗೀನೂ ಹೊರಗ ಕುಂಡರಿಸಿದಿ ಅಲ್ಲಬೇ!” ನಾನು ನರಳಿದರೆ ಇನ್ನೊಂದು ಪಾಠ. “ಇಷ್ಟಕ್ಕ ಹಿಂಗ ಬೊಬ್ಬಿ ಹೊಡದ್ರ ನಾಳಿ ಹಡಿಯೂ ಮುಂದ ಏನ್ ಮಾಡ್ತಿ? ನಾವೇನ್ ಹೆಣ್ಣಮಕ್ಕಳಲ್ಲೇನ?” ನಾನು ಹಲ್ಲು ಕಡಿದು, ಮನಸ್ಸಿನಲ್ಲೇ ಅಜ್ಜಿಗೆ ಬಾಯಿಗೆ ಬಂದದ್ದೆಲ್ಲ ಬೈಯುತ್ತಿದ್ದೆ.

ನನಗೆ ಇಟ್ಟಿಗೆ ಬೇಕಾಗಿರಲಿಲ್ಲ. ಅವ್ವ ಬೇಕಾಗಿದ್ದಳು. ಚಿಕ್ಕವಳಿದ್ದಾಗ ಹೊಟ್ಟೆನೋವೆಂದರೆ ಸಾಕು, ತೊಡೆಯ ಮೇಲೆ ಮಲಗಿಸಿಕೊಂಡು ತಿಕ್ಕುತ್ತಿದ್ದವಳು ಈಗ ಹೊಸ್ತಿಲ ಆಚೆ ನಿಂತು “ಬೋರಲ ಮಲಗವ್ವಾ, ಕಡಿಮಿ ಆಗತೈತಿ” ಅನ್ನುತ್ತಿದ್ದಳು. ಅಷ್ಟು ಹತ್ತಿರ ನಿಂತು ಅಷ್ಟು ದೂರವಿರುವುದು ಹೇಗೆ ಸಾಧ್ಯವಾಯಿತೋ ದೇವರೇ ಬಲ್ಲ. ಒಂದು ಸಲ, ಒಂದೇ ಸಲ, ಒಳಗೆ ಬಂದು ಸೊಂಟ ಒತ್ತಿದ್ದರೆ ಸಾಕಾಗಿತ್ತು.

ಅದು ಕಬ್ಬು ಕಡಿಯುವ ಹಂಗಾಮಿನ ಚಳಿ. ಗೌಂಡಿ ಅವತ್ತು ಬಚ್ಚಲ ಗೋಡೆ ಮುಗಿಸಿ, ಉಳಿದ ಇಟ್ಟಿಗೆಗಳನ್ನು ಕೊಟ್ಟಿಗೆಯ ಕಟ್ಟೆಗೆ ಬಳಸಿ ಹೋಗಿದ್ದ. ಇಳಿಹೊತ್ತಿನಲ್ಲಿ ನನ್ನ ಕೈಯಲ್ಲಿದ್ದ ಕೊನೆಯ ಇಟ್ಟಿಗೆಯೂ ಆರಿತು. ಅವ್ವ ಬರಿಗೈಯಲ್ಲಿ ಬಂದು ನಿಂತಳು.

“ಇಟ್ಟಂಗಿ ತೀರ್ಯಾವವ್ವಾ. ತಡಿ, ಉಪ್ಪ ಹುರದ ಗಂಟ ಕಟ್ಟಿ ತರ್ತೀನಿ.”

“ಅದೇನೂ ಬ್ಯಾಡ,” ಎಂದು ನಾನು ಅತ್ತುಬಿಟ್ಟೆ. “ನೀ ಒಳಗ ಬಾ ಬೇ.”

ಅವ್ವ ಒಮ್ಮೆ ಪಡುವಣಕ್ಕೆ ಇಳಿಯುತ್ತಿದ್ದ ಹೊತ್ತಿನ ಕಡೆ ನೋಡಿದಳು. ಅಜ್ಜಿ ಬಸದಿಗೆ ಹೋಗಿದ್ದಳು. ಸೆರಗು ಸಿಕ್ಕಿಸಿಕೊಂಡು ಅವ್ವ ಹೊಸ್ತಿಲು ದಾಟಿಯೇಬಿಟ್ಟಳು. ಒಲೆಯ ಮುಂದಿನಿಂದ ಎದ್ದು ಬಂದ ಕೈ, ಎಷ್ಟು ಬೆಚ್ಚಗಿತ್ತು! “ಎಲ್ಲಿ ನೂಸತೈತಿ? ಇಲ್ಲೇನ?” “ಇನ್ನೊಂದೀಟ ಕೆಳಗ.” ಆಕೆ ತಿಕ್ಕಿದಳು, ಒತ್ತಿದಳು, ತಲೆ ಸವರಿದಳು. ಸಾಕೆಂದು ನಾನು ಹೇಳಲಿಲ್ಲ. ಹೇಗೆ ಹೇಳಲಿ? ಹೊತ್ತು ಮುಳುಗಿದ್ದು ನನ್ನ ಗಮನಕ್ಕೆ ಬರಲಿಲ್ಲ. ಆಕೆಯ ಗಮನಕ್ಕೆ ಬಂದಿರಲೇಬೇಕು.

ಅಜ್ಜಿ ಬಸದಿಯಿಂದ ಬಂದವಳು ಹಿತ್ತಲಿಗೆ ಬಂದು ನೋಡಿದಳು. ಕೂಗಾಡಲಿಲ್ಲ. “ನೀರ ಹಾಕ್ಕೊಂಡ ಬಾ. ಹಂಡೇಕ ಕೈ ಹಚ್ಚಬ್ಯಾಡ,” ಎಂದಳಷ್ಟೆ. ಮೈಲಿಗೆಯಾದವಳು ಬಿಸಿನೀರಿನ ಹಂಡೆ ಮುಟ್ಟುವಂತಿಲ್ಲ. ಅವ್ವ ಎಮ್ಮೆ ಕುಡಿಯುವ ತೊಟ್ಟಿಯಿಂದ ನೀರು ತುಂಬಿಕೊಂಡು ಹೊಸ ಬಚ್ಚಲಿಗೆ ಹೋದಳು. ಉಟ್ಟ ಸೀರೆಯ ಮೇಲೆಯೇ ಆ ತಣ್ಣೀರು ಸುರಿದುಕೊಳ್ಳುವ ಸದ್ದು ನನಗೆ ಕೇಳಿಸುತ್ತಿತ್ತು. ಹಿಂದೆಯೇ ಅಜ್ಜಿಯ ಮಾತು ಕೇಳಿಸಿತು. “ಹೊತ್ತ ಮುಳುಗೇತಿ. ಇನ್ನ ನಿನ್ನ ಊಟ ನಾಳೇನ.”

“ಇರಲಿ ಬಿಡ್ರಿ ಅತ್ತಿ. ಹಸಿವಿಲ್ಲ ನನಗ.”

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವ್ವ ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಬೆಳಗಿನಿಂದ ಗೌಂಡಿಗೆ ಚಹಾ, ಕಬ್ಬು ಕಡಿಯುವವರಿಗೆ ರೊಟ್ಟಿ, ನಮಗೆಲ್ಲ ಊಟ. ತಾನು ಉಣ್ಣಬೇಕಾದ ಹೊತ್ತಿನಲ್ಲಿ ನನ್ನ ಸೊಂಟ ತಿಕ್ಕುತ್ತಿದ್ದಳು. ನಾನೋ ಮೊದಲೇ ಹೊಟ್ಟೆ ತುಂಬ ಉಂಡು ಮಲಗಿದ್ದೆ. ಬೆಳಿಗ್ಗೆ ಆಕೆ ಕೆಮ್ಮುತ್ತ ಕಸ ಗುಡಿಸುವುದು ಕೇಳಿಸಿತು. ನನಗೆ ಸಿಕ್ಕ ಸುಖವೆಲ್ಲ ಆ ಕೆಮ್ಮಿನಲ್ಲಿ ಕರಗಿಹೋಯಿತು.

ಮರುತಿಂಗಳು ನಾನು ನರಳಲಿಲ್ಲ. ಕಂಬಳಿಯ ತುದಿ ಕಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅವ್ವ ಹೊಸ್ತಿಲಾಚೆಯಿಂದ, “ಉಪ್ಪಿನ ಗಂಟ ತರಲೇನ?” ಎಂದಳು.

“ಬ್ಯಾಡವ್ವಾ. ಈ ಸಲ ನೂಸೂದ ಇಲ್ಲ.”

“ಖರೇನ?” ಹೊರಳಿ ನೋಡಿದೆ. ಆಕೆಯ ಮುಖ ಅರಳಿದ್ದನ್ನು ನೋಡಬೇಕಿತ್ತು. ಆಮೇಲೆ ನಿಜ ಹೇಳಲು ನನಗೆ ಬಾಯಿಯೇ ಬರಲಿಲ್ಲ. ಹೀಗೆ ಬಾಯಿ ಮುಚ್ಚಿಕೊಳ್ಳುವುದೇ ರೂಢಿಯಾಯಿತು. ನಿಪ್ಪಾಣಿಗೆ ಮದುವೆಯಾಗಿ ಬಂದ ಮೇಲೂ ಬಿಡಲಿಲ್ಲ. “ನಿನಗ ಇದರ ತ್ರಾಸ ಇಲ್ಲ ಬಿಡು, ಪುಣ್ಯವಂತಿ,” ಎಂದು ಮಗ್ಗುಲಲ್ಲೇ ಮಲಗುವ ಗಂಡ ಹೇಳುತ್ತಿದ್ದ. ಗಂಡಸರಿಗೆ ಕಣ್ಣು ಎಲ್ಲಿರುತ್ತದೋ!

ತೊಂಬತ್ತರ ದಶಕದಲ್ಲಿ, ಅಜ್ಜಿ ತೀರಿಕೊಂಡ ಮೇಲೆ, ಅವ್ವ ನಮ್ಮ ಮನೆಗೆ ಬಂದಿದ್ದಳು. ಹೊರಗೆ ಕೂರುವುದು, ಮುಟ್ಟದಿರುವುದು ಎಲ್ಲವನ್ನೂ ಆಗಲೇ ಬಿಟ್ಟಿದ್ದಳು. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, “ವೈನೀ, ಅಜವಾನ ಐತೇನ್ರಿ? ಮಗಳು ಹೊಟ್ಟಿ ಹಿಡ್ಕೊಂಡ ಉಳ್ಳಾಡಾಕತ್ತಾಳ,” ಎಂದರು. ನಾನು ಡಬ್ಬಿ ಹುಡುಕುವಷ್ಟರಲ್ಲಿ ಅವ್ವ ಎದ್ದು ಅವರ ಹಿಂದೆ ಹೊರಟೇಬಿಟ್ಟಳು.

ಅಜವಾನ ಹಿಡಿದು ಹೋದಾಗ ಅವ್ವ ಆ ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸೊಂಟ ತಿಕ್ಕುತ್ತಿದ್ದಳು. ಹುಡುಗಿಯ ನರಳಾಟ ನಿಂತಿತ್ತು. ನನಗೂ ಅವತ್ತು ಬೆಳಿಗ್ಗೆಯಿಂದ ಅದೇ ನೋವು. ಹೊಸ್ತಿಲ ಈಚೆಗೇ ನಿಂತೆ.

“ನನ್ನ ಮಗಳಿಗೂ ಹಿಂಗ ಆಗತಿತ್ರಿ,” ಅವ್ವ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು. “ಒಂದಿನ ಕೈಯಾರೆ ತಿಕ್ಕಿದ್ನಿ ನೋಡ್ರಿ, ಮುಂದ ಒಮ್ಮೀನೂ ಬರಲಿಲ್ಲ. ಬೇಕಾರ ಆಕೀನ್ನ ಕೇಳ್ರಿ. ಹೌದಿಲ್ಲೋ ಮಗಳ?”

“ಹೌದವ್ವಾ,” ಎಂದೆ, ಬಾಗಿಲ ಚೌಕಟ್ಟಿಗೆ ಸೊಂಟ ಒತ್ತಿಕೊಂಡು. “ನಿನ್ನ ಕೈಗುಣ.”