ವೈರು ಕತ್ತರಿಸಬ್ಯಾಡ್ರಿ

ಭಾನುವಾರ ಬೆಳಿಗ್ಗೆ ಉಪಕರಣಗಳನ್ನು ಒರೆಸಿಡುವುದು ನನ್ನ ಕ್ರಮ. ಮೊನ್ನೆ ಹಳೆಯ ಡ್ರಿಲ್ ಮೆಷಿನ್ನನ್ನು ದಾನಕ್ಕೆಂದು ತೆಗೆದಿಟ್ಟೆ. ವಯಸ್ಸಾಯಿತು, ನನ್ನ ಕೈಗೆ ಈಗ ಅದರ ಹಿಡಿತ ಸಿಗುವುದಿಲ್ಲ. ಅದು ಮೊಳೆಗೆ ನೇತಾಡಿಕೊಂಡು ಸುಮ್ಮನಿರುವುದು ಸರಿಯಲ್ಲ. ಓಡುತ್ತದೆಯೇ ಎಂದು ನೋಡಲು ಪ್ಲಗ್ ಹಾಕಿದೆ. ಗರ್ರೆಂದು ತಿರುಗಿತು. ಒಳಗಿನಿಂದ ಕಾದ ವಾರ್ನಿಷ್ ವಾಸನೆ ಬಂತು. ಅದರ ಹಿಂದೆಯೇ ಹರಿಹರದ ವೈಂಡಿಂಗ್ ಅಂಗಡಿಯ ಅಕ್ಕ ನೆನಪಿಗೆ ಬಂದರು...

ಆಗ ನಾನು ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ದಾವಣಗೆರೆಯಿಂದ ಬೆಳಗಿನ ರೈಲಿಗೆ ಹೋಗಿ ಸಂಜೆ ವಾಪಸು. ಸ್ಟೇಷನ್ ದಾರಿಯಲ್ಲಿ ಅವರ ಅಂಗಡಿ. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು ಒಣಗಿಸಿ, ಮತ್ತೆ ಓಡುವಂತೆ ಮಾಡುವುದು ಅವರ ಕೆಲಸ. ಗಂಡ ತೀರಿಕೊಂಡಾಗ ಅಂಗಡಿ ಮಾರಿಬಿಡಿ ಎಂದು ನೆಂಟರೆಲ್ಲ ಹೇಳಿದ್ದರಂತೆ. ಅಕ್ಕ ಬಾಗಿಲು ತೆರೆದು, ಗಂಡನ ಸ್ಟೂಲಿನ ಮೇಲೆ ತಾವೇ ಕುಳಿತರು.

ನನ್ನ ಡ್ರಿಲ್ ಸುಟ್ಟದ್ದು ಸರಸ್ವತಿ ನಗರದ ನಮ್ಮ ಮನೆಯ ಗೋಡೆಗೆ ಕಪಾಟು ಹೊಡೆಯುವಾಗ. ಹೊಸದನ್ನೇ ಕೊಳ್ಳುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದೆ. ಅವರು ತಲೆ ಎತ್ತಲಿಲ್ಲ.

"ಯಾಕ್ರಿ ಅಣ್ಣಾರ, ಜ್ವರ ಬಂದೋರನ್ನ ಹೂಳ್ತಾರೇನು?" ಎಂದವರೇ ಹೊಸ ತಂತಿ ಸುತ್ತಿ, ಓಡಿಸಿ ತೋರಿಸಿ ಕೊಟ್ಟರು.

ಆಯುಧಪೂಜೆಯ ದಿನ ಅವರದೊಂದು ಪದ್ಧತಿಯಿತ್ತು. ಜನ ಬೇಡವೆಂದು ಬಿಟ್ಟುಹೋದ ಮೆಷಿನ್ನುಗಳಲ್ಲಿ ಒಂದನ್ನು ರಿಪೇರಿ ಮಾಡಿ, ಕೆಲಸ ಹಿಡಿಯಲು ಕೈಯಲ್ಲಿ ಏನೂ ಇಲ್ಲದವರಿಗೆ ದಾನ ಕೊಡುತ್ತಿದ್ದರು. ಅದಕ್ಕೆ ವಿಭೂತಿ, ಹೂವು. ಮೊದಲು ಓಡಿಸಿ ತೋರಿಸಬೇಕು. ಆಮೇಲೆ, ಗೋದಾನದಲ್ಲಿ ಹಸುವಿನ ಬಾಲವನ್ನು ಕೈಗಿಡುವಂತೆ, ವೈರಿನ ತುದಿಯನ್ನು ತೆಗೆದುಕೊಳ್ಳುವವರ ಕೈಗಿಡಬೇಕು. ಹೀಗೆ ಕೊಡದಿದ್ದರೆ ಅದು ದಾನವೇ ಅಲ್ಲ ಎನ್ನುತ್ತಿದ್ದರು.

ಒಮ್ಮೆ ದೊಡ್ಡ ವ್ಯಾಪಾರಿಯೊಬ್ಬರು ದಾನಕ್ಕೆಂದು ಹಳೆಯ ಗ್ರೈಂಡರ್ ಕಳಿಸಿದರು. ವೈರನ್ನು ಬುಡಕ್ಕೇ ಕತ್ತರಿಸಲಾಗಿತ್ತು. ತಾಮ್ರ ಆಗಲೇ ಗುಜರಿ ಸೇರಿತ್ತು. ಅಕ್ಕ ಗ್ರೈಂಡರ್ ಹೊತ್ತುಕೊಂಡು ನೇರ ಅವರ ಅಂಗಡಿಗೆ ನಡೆದರು. ಕುತೂಹಲಕ್ಕೆ ನಾನೂ ಹಿಂದೆ ಹೋದೆ. ಗಿರಾಕಿಗಳೆದುರಿಗೇ ಅದನ್ನು ಗಲ್ಲಾದ ಮೇಲಿಟ್ಟರು.

"ಹಸು ದಾನ ಕೊಟ್ಟು ಬಾಲ ಇಟ್ಕಂಡೀರಲ್ರಿ ಸಾವ್ಕಾರ್ರೆ. ಅದು ನಿಮ್ಮನ್ಯಾಗೆ ನೊಣ ಓಡಿಸ್ತೈತೇನು?"

ಆ ಸಾಹುಕಾರರ ಮೋಟಾರುಗಳು ಮತ್ತೆಂದೂ ಅಕ್ಕನ ಅಂಗಡಿಗೆ ಬರಲಿಲ್ಲ. ಬರದಿದ್ದರೆ ಬ್ಯಾಡ ಎಂದರು, ಅಷ್ಟೇ.

ಇದನ್ನೆಲ್ಲ ನೆನೆಯುತ್ತಲೇ ಡ್ರಿಲ್ಲಿನ ವೈರು ಸುತ್ತಿ, ಎಸ್.ಎಸ್. ಬಡಾವಣೆಯಲ್ಲಿ ಹಳೆಯ ಸಾಮಾನು ಸಂಗ್ರಹಿಸುವವರ ಬಳಿಗೆ ಒಯ್ದೆ. ಮೇಜಿನ ಹಿಂದಿದ್ದವರು ಮರ್ಯಾದೆಯಿಂದಲೇ ಮಾತನಾಡಿದರು. ಈಗ ಎಲ್ಲವೂ ಬ್ಯಾಟರಿಯದೇ, ವೈರಿನದನ್ನು ಯಾರೂ ಕೇಳುವುದಿಲ್ಲ ಎಂದರು.

"ಇಟ್ಟು ಹೋಗ್ರಿ ಅಜ್ಜಾರ. ವೈರು ಕಟ್ ಮಾಡಿ ಗುಜರಿಗೆ ಹಾಕ್ತೀವಿ. ಒಳ್ಳೇ ತಾಮ್ರ ಐತೆ."

ಕಟಿಂಗ್ ಪ್ಲೇಯರ್ ಕೈಗೆ ತೆಗೆದುಕೊಂಡೂ ಆಗಿತ್ತು.

"ವೈರು ಕತ್ತರಿಸಬ್ಯಾಡ್ರಿ" ಎಂದೆ. ನನ್ನ ದನಿ ಅಷ್ಟು ಜೋರಾಗಿದ್ದೀತೆಂದು ನಾನೂ ಎಣಿಸಿರಲಿಲ್ಲ. ಡ್ರಿಲ್ಲನ್ನು ಕಂಕುಳಲ್ಲಿ ಅವುಚಿಕೊಂಡು ಹೊರಬಂದು, ಕುಕ್ಕುವಾಡದ ಬಸ್ಸು ಹತ್ತಿದೆ.

ಅಲ್ಲಿ ನನಗೆ ಪರಿಚಯದ ಬಡಗಿಯೊಬ್ಬರಿದ್ದಾರೆ. ಅವರ ಬ್ಯಾಟರಿ ಡ್ರಿಲ್ ಮೂಲೆ ಸೇರಿತ್ತು. ಬ್ಯಾಟರಿ ಸತ್ತಿದೆ, ಆ ಮಾದರಿಯದು ಈಗ ಬರುವುದೇ ಇಲ್ಲವಂತೆ. ನನ್ನ ಡ್ರಿಲ್ಲನ್ನು ಓಡಿಸಿ ತೋರಿಸಿದೆ. ಆಮೇಲೆ ವೈರಿನ ತುದಿಯನ್ನು ಅವರ ಕೈಗಿಟ್ಟೆ.

"ಇದೇನ್ರಿ ಯಜಮಾನ್ರೆ, ಆಕಳು ಕೊಟ್ಟಂಗೆ ಕೊಡ್ತೀರಿ?" ಎಂದು ನಕ್ಕರು. ಯಾರ ಪದ್ಧತಿ ಎಂದು ಹೇಳಿದೆ. ನಗು ನಿಲ್ಲಿಸಿ, ವೈರನ್ನು ಎರಡೂ ಕೈಯಲ್ಲಿ ಹಿಡಿದರು.

ಅಕ್ಕ ತೀರಿಕೊಂಡು ಬಹಳ ವರ್ಷವಾಯಿತು. ಅವರ ಅಂಗಡಿಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ನಮ್ಮ ಮನೆಯ ಮೊಳೆ ಖಾಲಿಯಾಗಿದೆ. ಆ ವಾಸನೆಯೂ ಇನ್ನಿಲ್ಲ... ಆದರೆ ಅವರು ಸುತ್ತಿದ ತಂತಿ ಕುಕ್ಕುವಾಡದಲ್ಲಿ ತಿರುಗುತ್ತಿದೆ. ಮತ್ತೆ ಸುಟ್ಟರೆ ನನಗೆ ಹೇಳಿ ಕಳಿಸಬೇಕು, ಗುಜರಿಗೆ ಮಾತ್ರ ಹಾಕಕೂಡದು ಎಂದು ಬಡಗಿಗೆ ಖಂಡಿತವಾಗಿ ಹೇಳಿ ಬಂದಿದ್ದೇನೆ. ಅಕ್ಕನಂಥವರು ಸಿಗಲಾರರು, ಗೊತ್ತು. ತಂತಿ ಸುತ್ತುವವರು ಎಲ್ಲಿದ್ದರೂ ಹುಡುಕುತ್ತೇನೆ.